ಅವ್ವನ ಸೆರಗು, ನಮ್ಮ ಕೆಂಪು ಕಣ್ಣು

ಕಣ್ಣು ಬೇನೆಯನ್ನು ಶೆಡ್ಡಿಗೆ ತಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೋವೆಯ ಪರ್ವರಿಯ ಆ ಗುಡ್ಡದ ಮೇಲೆ ಎರಡು ವಾರ ಎಲ್ಲರೂ ಅದನ್ನು ನನ್ನ ಅವ್ವನ ತಲೆಗೆ ಕಟ್ಟಿದ್ದರು. ಹಾಗೆ ಕಟ್ಟಲು ಅವರ ಕೈಗೆ ಹಗ್ಗ ಕೊಟ್ಟವಳೂ ನಾನೇ. ಈಗ ಯಾರಾದರೂ ನನ್ನೆದುರಿಗೆ ಲೇಬರ್ ಜನ ರೋಗ ಹರಡುತ್ತಾರೆ ಎಂದರೆ ನಾನು ಕುಳಿತಲ್ಲಿಂದ ಏಳುತ್ತೇನೆ. ಮದುವೆ ಮನೆಯಾಗಲಿ, ಬಸ್ಸಾಗಲಿ, ಎದ್ದು ನಿಂತು ಇಡೀ ಕಥೆ ಹೇಳಿಯೇ ಕೂರುತ್ತೇನೆ. ನನ್ನ ಗಂಡನಿಗೆ ಇದು ಬಾಯಿಪಾಠವಾಗಿದೆ. ನಾನು ಏಳುವ ಮೊದಲೇ ಅವನು ಕಿಟಕಿಯ ಕಡೆ ಮುಖ ತಿರುಗಿಸಿಬಿಡುತ್ತಾನೆ.

ಎರಡು ಸಾವಿರದ ಆರೋ ಏಳೋ ಇರಬೇಕು. ಮಳೆ ನಿಂತು ಬಿಸಿಲು ಚುರುಗುಟ್ಟತೊಡಗಿತ್ತು. ಪರ್ವರಿಯಲ್ಲಿ ಆಗ ಎಲ್ಲಿ ನೋಡಿದರೂ ಗುಡ್ಡ ಕಡಿದು ಕಟ್ಟಡ ಎಬ್ಬಿಸುತ್ತಿದ್ದರು. ಅಂಥ ಒಂದು ಕಟ್ಟಡದ ಬುಡದಲ್ಲಿ ಬಾಗಲಕೋಟೆ, ವಿಜಾಪುರ ಕಡೆಯ ಹದಿನಾಲ್ಕು ಮನೆಯವರು ತಗಡಿನ ಶೆಡ್ಡುಗಳ ಸಾಲಿನಲ್ಲಿ ಇದ್ದೆವು. ಅಪ್ಪ ಗೋಡೆ ಕಟ್ಟುವ ಗೌಂಡಿ, ಆ ವರ್ಷ ದಕ್ಷಿಣ ಗೋವೆಯ ಕೆಪೆಯ ಕಡೆ ಕೆಲಸ ಹಿಡಿದಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಅವ್ವ ಇಲ್ಲಿಯೇ ಕಲಸಿದ ಸಿಮೆಂಟಿನ ಮಾಲು ಹೊರುತ್ತಿದ್ದಳು. ನನಗೆ ಇಪ್ಪತ್ತು. ಪಕ್ಕದಲ್ಲೇ ಅದಾಗಲೇ ಮುಗಿದು ಜನ ತುಂಬಿದ್ದ ಇನ್ನೊಂದು ಕಟ್ಟಡವಿತ್ತು. ಅದರ ಮೂರನೆಯ ಮಹಡಿಯ ಒಂದು ಫ್ಲ್ಯಾಟಿನಲ್ಲಿ ನಾನು ಮನೆಗೆಲಸ ಮಾಡುತ್ತಿದ್ದೆ.

ನೀರಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ಮನೆಗೆ ದಿನಕ್ಕೆರಡು ಕೊಡ ನೀರು, ಅಷ್ಟರಲ್ಲೇ ಅಡಿಗೆ, ಅಷ್ಟರಲ್ಲೇ ಮೈ ಕೈ. ಕಟ್ಟಡಕ್ಕೆ ಮಾತ್ರ ಟ್ಯಾಂಕರ್ ಬರುತ್ತಿತ್ತು. ಹೊಸ ಸ್ಲ್ಯಾಬು, ಹೊಸ ಗೋಡೆ ಬೇಗ ಒಣಗಿ ಬಿರುಕು ಬಿಡಬಾರದೆಂದು ಬೆಳಿಗ್ಗೆ ಸಂಜೆ ಪೈಪು ಹಿಡಿದು ಅವಕ್ಕೆ ನೀರು ಕುಡಿಸುತ್ತಿದ್ದರು. ಕ್ಯೂರಿಂಗ್ ಎಂದು ಅದರ ಹೆಸರು. ಆ ಪೈಪಿಗೆ ನಾವು ಕೈ ಹಚ್ಚುವಂತಿರಲಿಲ್ಲ. ನಮ್ಮ ಸೂಪರ್‌ವೈಸರ್ ಬೆಳಗಾವಿ ಕಡೆಯವನು, ನಮ್ಮ ಮಾತೇ ಆಡುವವನು. ಆದರೆ ಯಾವಳಾದರೂ ಸಿಮೆಂಟು ಮೆತ್ತಿದ ಕೈಯನ್ನು ಆ ಪೈಪಿಗೆ ಒಡ್ಡಿದರೆ, 'ಏ, ಅದು ಬಿಲ್ಡಿಂಗಿನ ನೀರು!' ಎಂದು ಅಲ್ಲಿಂದಲೇ ಕೂಗುತ್ತಿದ್ದ. ನಾವು ಕೈಯನ್ನು ಸೀರೆಗೆ ಒರೆಸಿಕೊಂಡು ಬುತ್ತಿ ಬಿಚ್ಚುತ್ತಿದ್ದೆವು.

ನನ್ನ ಅವ್ವನಿಗೆ ಒಂದು ವಿದ್ಯೆ ಇತ್ತು. ಯಾರ ಕಣ್ಣಿನಲ್ಲಿ ಎಂಥ ಕಸ ಬಿದ್ದರೂ ತೆಗೆಯುತ್ತಿದ್ದಳು. ಉಸುಕಿನ ಕಣ, ಕಟ್ಟಿಗೆಯ ಸಿಬಿರು, ವೆಲ್ಡಿಂಗಿನ ಕರಿ, ಏನೇ ಇರಲಿ. ಕಸ ಬಿದ್ದವರನ್ನು ಬಿಸಿಲಿಗೆ ಮುಖ ಮಾಡಿ ಕೂರಿಸುವಳು, ಹೆಬ್ಬೆರಳಿನಿಂದ ರೆಪ್ಪೆ ಮಡಚುವಳು, ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು ನಾಲಿಗೆಗೆ ತಾಗಿಸಿ ಹಸಿ ಮಾಡುವಳು. ಆಮೇಲೆ ಒಂದೇ ಸಲ. 'ಹೋತ ನೋಡ,' ಎಂದು ಸೆರಗಿನ ತುದಿಯಲ್ಲಿ ಕೂತ ಕಣವನ್ನು ಅವರಿಗೇ ತೋರಿಸುವಳು. ಕೊನೆಗೆ ಸೆರಗನ್ನು ಮಡಚಿ ಬಾಯಿಯಿಂದ ಬಿಸಿ ಉಸಿರು ಊದಿ, ಆ ಬೆಚ್ಚನೆಯ ಗಂಟನ್ನು ಕಣ್ಣಿನ ಮೇಲೆ ಮೂರು ಸಲ ಒತ್ತುವಳು. ನೋವು ಅಲ್ಲಿಗೇ ಇಳಿಯುತ್ತಿತ್ತು. ಬೇರೆ ಸೈಟುಗಳಿಂದಲೂ ಜನ ಒಂದು ಕಣ್ಣು ಮುಚ್ಚಿಕೊಂಡು ದಾರಿ ಕೇಳುತ್ತ ಬರುತ್ತಿದ್ದರು. ಅವರು ಬಂದರೆ ಅವ್ವ ಹೊತ್ತ ಬುಟ್ಟಿ ಇಳಿಸಿ ಬಂದುಬಿಡುವಳು. ಸೂಪರ್‌ವೈಸರ್ ಗೊಣಗಿದರೆ, 'ಕಣ್ಣ ಕಾಣದಾಂವ ನಿಮ್ಮ ಸ್ಲ್ಯಾಬ್ ಮ್ಯಾಲಿಂದ ಬಿದ್ರ ಎತ್ತಾವ್ರು ಯಾರ್ರಿ?' ಎನ್ನುವಳು. ಇಡೀ ಗುಡ್ಡದಲ್ಲಿ ಅವ್ವ ತಲೆ ಎತ್ತಿ ನಡೆಯುತ್ತಿದ್ದುದು ಈ ಒಂದು ವಿದ್ಯೆಯ ಬಲದ ಮೇಲೆ. ಬುಟ್ಟಿ ಹೊರುವವರು ನೂರು ಮಂದಿ ಇದ್ದರು, ಕಣ್ಣಿನಕ್ಕ ಒಬ್ಬಳೇ ಇದ್ದಳು.

ಈಗ ನಾನು ಕೆಲಸಕ್ಕಿದ್ದ ಫ್ಲ್ಯಾಟಿಗೆ ಬರುತ್ತೇನೆ. ಆ ಮನೆಯಲ್ಲಿ ಬಾಯಿ, ಅಂದರೆ ಮನೆಯೊಡತಿ, ಮತ್ತು ಅವರ ಆರು ವರ್ಷದ ಮಗಳು. ಗಂಡ ಹಡಗಿನಲ್ಲಿ ಕೆಲಸಕ್ಕಿದ್ದ. ಬಾಯಿ ಕೆಟ್ಟವರೇನಲ್ಲ. ನನಗೆ ಬೇರೆ ಲೋಟ ಇಟ್ಟಿದ್ದರು, ಆದರೆ ಆ ಲೋಟದ ತುಂಬ ಚಹಾ ಕೊಡುತ್ತಿದ್ದರು. ಒಂದು ಸೋಮವಾರ ಹುಡುಗಿ ಶಾಲೆಯಿಂದ ಕಣ್ಣು ಉಜ್ಜುತ್ತ ಬಂತು. ಮರುದಿನ ಬೆಳಿಗ್ಗೆ ಎರಡೂ ಕಣ್ಣು ಪಿಸುರು ಕಟ್ಟಿ ಅಂಟಿಕೊಂಡಿದ್ದವು. ಕಣ್ಣು ತೆರೆಯಲಾಗದೆ ಕಿರುಚುತ್ತಿದ್ದ ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಬಿಸಿನೀರಿನಲ್ಲಿ ಟವೆಲ್ ಅದ್ದಿ ಮೆಲ್ಲಗೆ ಬಿಡಿಸಿದವಳು ನಾನು. ಹುಡುಗಿಯ ಅವ್ವ ದೂರ ನಿಂತು ಹೇಳಿಕೊಡುತ್ತಿದ್ದರು. ಬೆವರು ಬಂದಾಗ ಅದೇ ಟವೆಲಿನಿಂದ ನನ್ನ ಮುಖವನ್ನೂ ಒರೆಸಿಕೊಂಡೆ. ಗೊತ್ತಿರಲಿಲ್ಲ, ಒರೆಸಿಕೊಂಡೆ, ಮುಗಿಯಿತು.

ಎರಡು ದಿನದ ಮೇಲೆ ನನ್ನ ಎಡಗಣ್ಣಿನಲ್ಲಿ ಉಸುಕು ಹೊಕ್ಕಂತಾಯಿತು. ಸಂಜೆ ಮನೆಗೆ ಬಂದವಳೇ ಅವ್ವನೆದುರು ಕುಳಿತೆ. ರೆಪ್ಪೆ ಮಡಚಿದಳು, ಕಣ್ಣಿನ ಮೂಲೆ ಮೂಲೆಯಲ್ಲೂ ಹುಡುಕಿದಳು.

'ಕಸ ಇಲ್ಲಬೇ. ಕಣ್ಣ ಕೆಂಪಗಾಗೈತಿ ಅಷ್ಟ. ಉಷ್ಣ ಆಗೈತಿ,' ಎಂದು ಸೆರಗಿನಿಂದ ಒರೆಸಿ, ಊದಿ, ಮೂರು ಸಲ ಒತ್ತಿದಳು.

ಅದೇ ಸಂಜೆ ಗೋಡೆಗೆ ಉಜ್ಜು ಕಾಗದ ಹೊಡೆದು ಬಂದ ಇಬ್ಬರು ಅವ್ವನ ಹತ್ತಿರ ಧೂಳು ತೆಗೆಸಿಕೊಂಡರು. ಪಕ್ಕದ ಮನೆಯಾಕೆ ರೆಪ್ಪೆಗೂದಲು ತೆಗೆಸಿಕೊಂಡಳು. ಸೆರಗು ಒಂದೇ, ತುದಿಯೂ ಅದೇ. ಒಂದು ವಾರದಲ್ಲಿ ಹದಿನಾಲ್ಕು ಮನೆಗಳ ಪೈಕಿ ಹನ್ನೊಂದರಲ್ಲಿ ಕಣ್ಣು ಬಂದವು, ಅಂದರೆ ಕೆಂಪಾಗಿ ಅಂಟಿಕೊಂಡವು. ಬೆಳಿಗ್ಗೆ ಎದ್ದರೆ ಸಾಲಿನ ತುಂಬ ಜನ ರೆಪ್ಪೆ ಬಿಡಿಸಿಕೊಳ್ಳುತ್ತ ತಡಕಾಡುತ್ತಿದ್ದರು. ಬೇನೆ ಬಂದ ಮೇಲೆ ಅವ್ವನ ಹತ್ತಿರ ಬರುವವರು ಇನ್ನೂ ಹೆಚ್ಚಾದರು, ಅವಳು ಇನ್ನೂ ಹೆಚ್ಚು ಒರೆಸಿದಳು.

ಮದ್ದಿಗೇನು ಬರವಿರಲಿಲ್ಲ. ಕೊನೆಯ ಶೆಡ್ಡಿನ ಬಾಣಂತಿ ಬೇಡ ಎನ್ನಲಾರದೆ ಎಲ್ಲರ ಕಣ್ಣಿಗೂ ಎರಡೆರಡು ಹನಿ ಎದೆಹಾಲು ಹಿಂಡಿದಳು. ಒಬ್ಬಳು ಕಾಡಿಗೆ ಡಬ್ಬಿ ತಂದು ಸಾಲಾಗಿ ಕೂರಿಸಿ ಒಂದೇ ಬೆರಳಿನಿಂದ ಹಚ್ಚಿದಳು. ಯಾರೋ ಮೆಡಿಕಲ್ ಅಂಗಡಿಯಿಂದ ಒಂದು ಸಣ್ಣ ಬಾಟಲಿ ತಂದರು. ಹಾಕಿದ ಅರ್ಧ ದಿನಕ್ಕೆ ಕೆಂಪು ಇಳಿಯುತ್ತಿತ್ತು, ಹಾಗಾಗಿ ಅದು ಶೆಡ್ಡಿನಿಂದ ಶೆಡ್ಡಿಗೆ ಅರಿಷಿಣ ಕುಂಕುಮದ ಬಟ್ಟಲಿನಂತೆ ತಿರುಗಿತು. ಬಾಟಲಿಯ ಮೂತಿ ಎಲ್ಲರ ರೆಪ್ಪೆಗೂ ತಾಗಿತು. ಗಂಡಸರು ಮಾತ್ರ ಕರಿ ಕನ್ನಡಕ ಕೊಂಡು ಸಿನೆಮಾದವರಂತೆ ಬುಟ್ಟಿ ಹೊತ್ತರು. ಕಣ್ಣು ಬಂದವರನ್ನು ನೋಡಿದರೆ ನಮಗೂ ಬರುತ್ತದೆ ಎಂದು ಎಲ್ಲರೂ ನೆಲ ನೋಡಿ ಮಾತಾಡುತ್ತಿದ್ದರು.

ಆ ಫ್ಲ್ಯಾಟಿನ ಬಾಗಿಲು ಮರೆಯುವಂತಿಲ್ಲ. ನನ್ನ ಎರಡೂ ಕಣ್ಣು ಕೆಂಪಾದ ದಿನ ಬಾಗಿಲು ಅರ್ಧ ತೆರೆದ ಬಾಯಿ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

'ಕಲ್ ಸೆ ಮತ್ ಆನಾ,' ನಾಳೆಯಿಂದ ಬರಬೇಡ, ಎಂದರು. ಆಮೇಲೆ ಹಿಂದಿಯಲ್ಲಿಯೇ ಮುಂದುವರಿಸಿದರು. ನಿಮ್ಮ ಶೆಡ್ಡುಗಳಿಂದಲೇ ಈ ರೋಗ ಬಂದಿರುವುದು, ಸೊಸೈಟಿಯವರೆಲ್ಲ ಹೇಳುತ್ತಿದ್ದಾರೆ, ಘಾಟಿ ಜನ ಹೊಲಸಾಗಿರುತ್ತಾರೆ, ನನ್ನ ಮಗಳಿಗೂ ನಿನ್ನಿಂದಲೇ ಬಂತು.

ಘಾಟಿ ಅಂದರೆ ಘಟ್ಟದ ಮೇಲಿನವರು, ನಾವು. ಅದು ಬೈಗುಳವೆಂದು ಗೋವೆಗೆ ಬಂದ ಮೊದಲ ವಾರದಲ್ಲೇ ಕಲಿತಿದ್ದೆ, ರೂಢಿಯೂ ಆಗಿತ್ತು. ಆದರೆ ಕೊನೆಯ ಮಾತು ಸುಳ್ಳು. ಮಗಳ ಪಿಸುರನ್ನು ನನ್ನ ತೊಡೆಯ ಮೇಲೆ ಬಿಡಿಸಿದ್ದು ಅವರ ಕಣ್ಣೆದುರಿಗೇ ನಡೆದಿತ್ತು. ನನಗೆ ಹಿಂದಿ ಬರುತ್ತಿತ್ತು, ಆದರೆ ಸಿಟ್ಟಿನ ಹಿಂದಿ ಬರುತ್ತಿರಲಿಲ್ಲ. ನಾನು ಮಾತು ತೆಗೆಯುವುದರೊಳಗೆ ಬಾಗಿಲು ಮುಚ್ಚಿತು. ಮೆಟ್ಟಿಲು ಇಳಿಯುತ್ತ ನಿರ್ಧಾರ ಮಾಡಿದೆ: ಡಾಕ್ಟರ ಕೈಯಿಂದಲೇ ಬರೆಸಿಕೊಂಡು ಬರುತ್ತೇನೆ, ಬೇನೆ ಮೇಲಿನಿಂದ ಕೆಳಗೆ ಬಂತೇ ಹೊರತು ಕೆಳಗಿನಿಂದ ಮೇಲೆ ಹೋಗಲಿಲ್ಲ ಎಂದು.

ಸರ್ಕಾರಿ ದವಾಖಾನೆಯ ಕಣ್ಣಿನ ವಿಭಾಗದಲ್ಲಿ ಸಾಲು ಹೊರಗಿನ ಮೆಟ್ಟಿಲವರೆಗೆ ಇತ್ತು. ಅದನ್ನು ನೋಡಿಯೇ ನನಗೆ ಅರ್ಧ ಸಮಾಧಾನವಾಯಿತು. ಶಾಲೆಯ ಯುನಿಫಾರ್ಮಿನ ಮಕ್ಕಳಿದ್ದರು, ಬ್ಯಾಂಕಿನವನಂತೆ ಕಾಣುವ ಒಬ್ಬ ಇದ್ದ, ಪಾದ್ರಿಯೊಬ್ಬರಿದ್ದರು. ಎಲ್ಲರ ಕಣ್ಣೂ ಕೆಂಪು. ಇವರಲ್ಲಿ ಯಾರೂ ನಮ್ಮ ಶೆಡ್ಡಿಗೆ ಬಂದವರಲ್ಲ.

ಡಾಕ್ಟರು ನಡುವಯಸ್ಸಿನ ಹೆಂಗಸು, ಮರಾಠಿಯಲ್ಲಿ ಮಾತಾಡಿದರು, ಅದು ನನಗೆ ತಿಳಿಯುತ್ತಿತ್ತು. ನನ್ನ ರೆಪ್ಪೆ ಎಳೆದು ಬೆಳಕು ಬಿಟ್ಟು ನೋಡಿದರು.

'ಇದು ಯಾರಿಂದ ಬಂತು ಅಂತ ಬರೆದುಕೊಡಿ,' ಎಂದೆ.

ಅವರು ನಕ್ಕರು. 'ಹಾಗೆ ಬರೆಯಲು ಬರುವುದಿಲ್ಲಮ್ಮ. ಇದು ನೆಗಡಿಯ ಹಾಗೆ ವೈರಸ್ಸಿನಿಂದ ಬರುವುದು. ಅದಕ್ಕೆ ಜಾತಿ, ಊರು, ಮಹಡಿ ಯಾವುದೂ ಗೊತ್ತಿಲ್ಲ. ನೋಡಿದರೆ ಬರುವುದಿಲ್ಲ, ಮುಟ್ಟಿದರೆ ಬರುತ್ತದೆ. ಕಣ್ಣಿನ ನೀರು ಕೈಗೆ, ಕೈಯಿಂದ ಬಟ್ಟೆಗೆ, ಬಟ್ಟೆಯಿಂದ ಇನ್ನೊಬ್ಬರ ಕಣ್ಣಿಗೆ.'

ಎಲ್ಲ ಕೆಂಪೂ ಒಂದೇ ಅಲ್ಲವೆಂದು ನನಗೆ ತಿಳಿದದ್ದು ಅಂದು. ಧೂಳಿಗೆ ತುರಿಸಿ ಕೆಂಪಾಗುವ ಕಣ್ಣು ಬೇರೆ, ಅದು ಯಾರಿಗೂ ಅಂಟುವುದಿಲ್ಲ. ಹಳದಿ ಕೀವು ಸುರಿಯುವುದು ಬೇರೆ, ಅದಕ್ಕೆ ಅದರದೇ ಔಷಧಿಯ ಹನಿ ಬೇಕಾಗುತ್ತದೆ. ನಮ್ಮಲ್ಲಿ ಬಂದಿದ್ದಕ್ಕೆ ಮುಖ್ಯ ಮದ್ದು ಕಾಯುವುದು ಮತ್ತು ತೊಳೆಯುವುದು. ಕುದಿಸಿ ಆರಿಸಿದ ನೀರಿನಲ್ಲಿ ಸ್ವಚ್ಛ ಬಟ್ಟೆ ಅದ್ದಿ ಒರೆಸಬೇಕು, ತಣ್ಣನೆಯ ಪಟ್ಟಿ ಇಡಬೇಕು, ಸೋಪು ಹಚ್ಚಿ ಕೈ ತೊಳೆಯಬೇಕು. ವಾರ, ಹತ್ತು ದಿನ, ಹೆಚ್ಚೆಂದರೆ ಎರಡು ವಾರದಲ್ಲಿ ತಾನೇ ಹೋಗುತ್ತದೆ. ನೋವು ಹೆಚ್ಚಾದರೆ, ಬೆಳಕು ಚುಚ್ಚಿದರೆ, ಕಣ್ಣು ಮಂಜಾದರೆ ಮಾತ್ರ ಮನೆಯಲ್ಲಿ ಕೂರದೆ ಓಡಿ ಬರಬೇಕು. ನಾನು ಎದೆಹಾಲು, ಕಾಡಿಗೆ ಎಂದಾಗ ಡಾಕ್ಟರು ತಲೆ ಅಲ್ಲಾಡಿಸಿದರು. ಜೊತೆಗೆ ತಂದಿದ್ದ ಅಂಗಡಿಯ ಬಾಟಲಿಯನ್ನು ತೋರಿಸಿದಾಗ ಮಾತ್ರ ಅವರ ಮುಖ ಬಿಗಿಯಿತು.

'ಇದರಲ್ಲಿ ಸ್ಟೆರಾಯ್ಡ್ ಇದೆ. ಕೆಂಪು ಬೇಗ ಇಳಿಯುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಕೇಳದೆ ಹಾಕಿಕೊಳ್ಳುತ್ತ ಹೋದರೆ ಒಳಗೊಳಗೇ ಕಣ್ಣನ್ನೇ ತಿಂದುಬಿಡಬಹುದು.' ಬಾಟಲಿಯನ್ನು ಅಲ್ಲಿಯೇ ಕಸದ ಬುಟ್ಟಿಗೆ ಹಾಕಿದರು. ನಾವು ಕಟ್ಟಡದ ಕೆಲಸದವರೆಂದು ಕೇಳಿ ಇನ್ನೊಂದು ಮಾತು ಹೇಳಿದರು: 'ಸುಣ್ಣ, ಸಿಮೆಂಟು ಕಣ್ಣಿಗೆ ಬಿದ್ದರೆ ಮೊದಲು ನೀರು. ಒರೆಸಬಾರದು, ಉಜ್ಜಬಾರದು. ಅರ್ಧ ಗಂಟೆ ನೀರು ಬಿಡುತ್ತಲೇ ಇರಬೇಕು, ಆಮೇಲೆ ಇಲ್ಲಿಗೆ.'

ನಾನು ಎದ್ದಾಗ ಕೊನೆಯದಾಗಿ ಕೇಳಿದರು: 'ನಿನ್ನ ಕಣ್ಣನ್ನು ಯಾರು ಒರೆಸಿದರು? ಯಾವ ಬಟ್ಟೆಯಲ್ಲಿ?'

ನಾನು ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಸೆರಗಿನ ತುದಿಯೇ ಕಣ್ಣಿಗೆ ಕಟ್ಟಿತ್ತು.

ಮಾಡಬೇಕಾಗಿದ್ದು ಇಷ್ಟೇ. ಮನೆಗೆ ಹೋಗಿ, ಅವ್ವನನ್ನು ಒಳಗೆ ಕೂರಿಸಿಕೊಂಡು, ಮೆಲ್ಲಗೆ ಹೇಳುವುದು. ಆದರೆ ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಫ್ಲ್ಯಾಟಿನ ಬಾಯಿಯ ಮುಖಕ್ಕೆ ಹೊಡೆಯಲು ಒಂದು ಚೀಟಿ ತರಲು ಹೋದವಳು ಬರಿಗೈಯಲ್ಲಿ ಬಂದಿದ್ದೆ. ಶೆಡ್ಡಿನ ನೀರಿನ ಡ್ರಮ್ಮಿನ ಹತ್ತಿರ ಸಾಲಿನ ಹೆಂಗಸರೆಲ್ಲ ನಿಂತಿದ್ದರು. ನಡುವೆ ಅವ್ವ ಬಾಣಂತಿಯನ್ನು ಕಲ್ಲಿನ ಮೇಲೆ ಕೂರಿಸಿ ಸೆರಗಿನ ತುದಿ ಹೊಸೆಯುತ್ತಿದ್ದಳು.

'ಮುಟ್ಟಬ್ಯಾಡ!' ಎಂದು ಕೂಗಿದೆ. 'ಆ ಹೊಲಸ ಸೆರಗಿಲೆ ಮುಟ್ಟಬ್ಯಾಡ. ನಿನ್ನ ಸೆರಗಿಲೇನ ಬ್ಯಾನಿ ಎಲ್ಲಾರ ಮನಿಗೂ ಹೋಗೈತಿ. ಡಾಕ್ಟರ್ ಹೇಳ್ಯಾರ. ನೀನ ಹಂಚೀದಿ!'

ಅಷ್ಟಕ್ಕೇ ನಿಲ್ಲಿಸಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ, ನೀರು, ಸೋಪು, ಬಾಟಲಿ, ಸುಣ್ಣ, ಒಂದೂ ಬಿಡದೆ ಒದರಿದೆ. ಅವ್ವ ಬಾಣಂತಿಯ ರೆಪ್ಪೆಯಿಂದ ಕೈ ತೆಗೆದಳು. ತನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅದು ದಿನಾ ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆ. ಹೊಲಸು ಅನ್ನುವ ಮಾತನ್ನು ಅವಳಿಗೆ ಜನ್ಮದಲ್ಲಿ ಯಾರೂ ಅಂದಿರಲಿಲ್ಲ.

'ನಾ ಹಂಚೀನೀ?' ಎಂದಳು, ಅಷ್ಟೇ.

ಮೊದಲು ಬಾಯಿ ತೆರೆದವಳು ಪಕ್ಕದ ಮನೆಯಾಕೆ. ವಾರಕ್ಕೊಮ್ಮೆಯಾದರೂ ಅವ್ವನ ಮುಂದೆ ಬಂದು ಕಣ್ಣು ತೆರೆದು ಕೂರುತ್ತಿದ್ದವಳು. 'ನಂಗ ಮೊದಲ ಅನಿಸಿತ್ತವಾ. ಇನ್ನ ಇಕಿ ಹತ್ರ ಯಾರೂ ಹೋಗಬ್ಯಾಡ್ರಿ,' ಎಂದಳು. ಒಬ್ಬೊಬ್ಬರೇ ಕೊಡ ಎತ್ತಿಕೊಂಡು ಸರಿದರು. ಅವರು ಎರಡು ಹೆಜ್ಜೆ ಹಿಂದೆ ಸರಿದ ರೀತಿ ನನಗೆ ಗೊತ್ತಿತ್ತು. ಅರ್ಧ ತೆರೆದ ಬಾಗಿಲಿನಲ್ಲಿ ಅದನ್ನು ಆಗಲೇ ಕಂಡಿದ್ದೆ. ಬಾಯಿ ನನಗೆ ಮಾಡಿದ್ದನ್ನೇ ನಾನು ನನ್ನ ಹೆತ್ತವಳಿಗೆ ಮಾಡಿದ್ದೆ, ಅದೂ ನಾಲ್ಕು ಜನರ ನಡುವೆ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಂದಿನಿಂದ ಅವ್ವ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬೇರೆ ಸೈಟಿನಿಂದ ಒಬ್ಬ ಕಣ್ಣು ಮುಚ್ಚಿಕೊಂಡು ಬಂದಾಗ, 'ಈಗ ತಗ್ಯಾಂಗಿಲ್ಲಪಾ,' ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಮನೆಯಲ್ಲಿ ರೊಟ್ಟಿ ಬಡಿದಳು, ಕಾಯಿಪಲ್ಯೆ ಹೆಚ್ಚಿದಳು, ನನ್ನೊಡನೆ ಒಂದು ಮಾತೂ ಇಲ್ಲ. ನನ್ನ ಕಣ್ಣು ಪಿಸುರು ಕಟ್ಟಿ ಅಂಟಿಕೊಂಡ ಬೆಳಿಗ್ಗೆ ಅಭ್ಯಾಸಬಲದಿಂದ ಅವಳ ಕೈ ಅರ್ಧ ದಾರಿ ಬಂದು ಹಿಂದೆ ಹೋಯಿತು. ಬೇನೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವ್ವ ಮತ್ತೆ ಯಾರ ಕಣ್ಣನ್ನಾದರೂ ಮುಟ್ಟುತ್ತಾಳೋ ಇಲ್ಲವೋ ಅನ್ನುವುದನ್ನು ಮಾತ್ರ ಯಾವ ಡಾಕ್ಟರೂ ಹೇಳುವಂತಿರಲಿಲ್ಲ. ಊಟ ಮಾಡುವಾಗಲೂ ನನಗೆ ಅದೊಂದೇ ಚಿಂತೆ.

ನಾನು ಮನೆ ಮನೆಗೆ ಹೋಗಿ ಹೇಳಿದೆ. ಬೇನೆ ತಂದವಳು ನಾನು, ಫ್ಲ್ಯಾಟಿನ ಮಗುವಿನ ಟವೆಲಿನಿಂದ ಬಂತು, ಅವ್ವ ಒರೆಸಿದ್ದು ನನ್ನ ಕಣ್ಣನ್ನು, ತಪ್ಪು ನನ್ನದು. ಕೆಲವರು ತಲೆ ಆಡಿಸಿದರು. ಪಕ್ಕದ ಮನೆಯಾಕೆ, 'ಅವ್ವನ್ನ ಉಳಿಸ್ಕೊಳ್ಳಾಕ ಬಂದಾಳ ನೋಡ್ರಿ,' ಎಂದು ನಕ್ಕಳು. ಆದರೂ ನಾನು ಬಿಡಲಿಲ್ಲ. ಕುದಿಸಿದ ನೀರು, ಬೇರೆ ಬೇರೆ ಬಟ್ಟೆ ಎಂದು ಬೆನ್ನು ಹತ್ತಿದೆ. ಕಾಡಿಗೆ ಡಬ್ಬಿಯನ್ನು ಕಸಿದು ಎಸೆದದ್ದಕ್ಕೆ ಒಂದು ಜಗಳವೂ ಆಯಿತು. ಕೈ ತೊಳೆಯಿರಿ ಎಂದಾಗ ಮಾತ್ರ ಎಲ್ಲರೂ ಒಂದೇ ಕೇಳಿದರು: 'ಯಾವ ನೀರಿಲೆ?'

ಬೇನೆ ಬಂದ ಹತ್ತನೆಯ ದಿನ ನನ್ನ ಕಣ್ಣು ತಿಳಿಯಾದವು. ಮೆಟ್ಟಿಲು ಹತ್ತಿ ಹೋಗಿ ಆ ಬಾಗಿಲು ಬಡಿದೆ. ಸಿಟ್ಟಿನ ಹಿಂದಿಯನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ರೋಗ ನಿಮ್ಮ ಮಗಳಿಂದ ನನಗೆ ಬಂತು, ನನ್ನಿಂದ ಅವಳಿಗಲ್ಲ, ಸೋಮವಾರ ಶಾಲೆಯಿಂದ ಬಂದಾಗಲೇ ಅವಳ ಕಣ್ಣು ಕೆಂಪಾಗಿದ್ದುದನ್ನು ನೀವೂ ನೋಡಿದ್ದೀರಿ ಎಂದೆ. ಮಗುವಿನ ತಪ್ಪೇನೂ ಇಲ್ಲ, ನನ್ನದೂ ಇಲ್ಲ ಎಂದೆ. ಬಾಯಿ ಕಣ್ಣಿಗೆ ಕರ್ಚೀಫು ಒತ್ತಿಕೊಂಡರು. ಅವರ ಬಲಗಣ್ಣೂ ಕೆಂಪಾಗಿತ್ತು. ಕೊನೆಗೆ, 'ನಾಳೆಯಿಂದ ಬಾ,' ಎಂದರು. ನಾನು ಹೋದೆ, ಹೋಗುವಾಗ ನನ್ನದೇ ಒಂದು ಟವೆಲ್ ತೆಗೆದುಕೊಂಡು ಹೋದೆ. ಬಚ್ಚಲಿನ ಕೊಕ್ಕೆಗೆ ಅದನ್ನು ತೂಗುಹಾಕಿ, ಇದನ್ನು ಯಾರೂ ಮುಟ್ಟಬೇಡಿ ಎಂದೆ. ಲೋಟ ಬೇರೆ ಇಟ್ಟವರು ಅವರು, ಟವೆಲ್ ಬೇರೆ ಇಟ್ಟವಳು ನಾನು. ಅಂದು ನಾನು ಗೆದ್ದೆ ಎಂದುಕೊಂಡೆ, ಆದರೆ ಮನೆಗೆ ಬಂದರೆ ಅವ್ವ ಹಾಗೆಯೇ ಗೋಡೆ ನೋಡಿಕೊಂಡು ಕುಳಿತಿದ್ದಳು.

ಆಮೇಲಿನ ಭಾನುವಾರ ನನಗೆ ಫ್ಲ್ಯಾಟಿನ ಕೆಲಸ ಇರಲಿಲ್ಲ, ಅವ್ವನಿಗೆ ಬುತ್ತಿ ಒಯ್ದಿದ್ದೆ. ಕೆಳಗಿನ ಮಹಡಿಯಲ್ಲಿ ಸುಣ್ಣ ಹೊಡೆಯುವುದಿತ್ತು. ಪಕ್ಕದ ಮನೆಯಾಕೆ ಸುಣ್ಣದ ಚೀಲ ಎಳೆಯುವಾಗ ಅದರ ಹೊಲಿಗೆ ಬಿಚ್ಚಿ ಮುಖದ ಮೇಲೆಯೇ ಸುರಿಯಿತು. ಅವಳು ಕೂಗಿದ ಕೂಗಿಗೆ ಮೇಲಿನ ಮಹಡಿಯ ಗೌಂಡಿಗಳೂ ಇಣುಕಿದರು. ಎರಡೂ ಕೈಯಿಂದ ಕಣ್ಣು ಉಜ್ಜಿಕೊಳ್ಳುತ್ತ ನೆಲದ ಮೇಲೆ ಹೊರಳುತ್ತಿದ್ದಳು.

'ಯಕ್ಕಾ! ಕಣ್ಣಿನಕ್ಕಾ! ಹಿಡಕೊ ನನ್ನ!' ಎಂದು ಕೂಗಿದ್ದು ಅವ್ವನನ್ನೇ.

ಅವ್ವನ ತಲೆಯ ಮೇಲೆ ಬುಟ್ಟಿ ಇತ್ತು. ಇಳಿಸಲೂ ಇಲ್ಲ, ಬಿಸಾಕಿದಳು. ಓಡುತ್ತ ಓಡುತ್ತ ಅವಳ ಬಲಗೈ ಸೊಂಟದ ಸೆರಗಿಗೆ ಹೋಯಿತು, ಅದನ್ನು ಎಳೆಯಿತು. ಆದರೆ ಅವಳು ನಿಂತಳು. ಎಳೆದ ಸೆರಗನ್ನು ಮತ್ತೆ ಬಿಗಿದು ಸಿಕ್ಕಿಸಿ, ತಿರುಗಿ, ಗೋಡೆಗೆ ನೀರು ಕುಡಿಸುತ್ತಿದ್ದವನ ಕೈಯಿಂದ ಪೈಪು ಕಸಿದುಕೊಂಡಳು.

'ಕೈ ತಗಿ. ಉಜ್ಜಬ್ಯಾಡ. ಕಣ್ಣ ತಗದ ಇಡ,' ಎಂದು ಪಕ್ಕದ ಮನೆಯಾಕೆಯ ತಲೆಯನ್ನು ತೊಡೆಯ ಮೇಲೆ ಓರೆಯಾಗಿ ಒತ್ತಿ ಹಿಡಿದು, ಪೈಪಿನ ಬಾಯಿಯನ್ನು ಬೆರಳಿನಿಂದ ಅರ್ಧ ಮುಚ್ಚಿ ಮೆಲ್ಲಗೆ ನೀರು ಬಿಟ್ಟಳು. ನನ್ನ ಕಡೆ ನೋಡಿ, 'ನೀ ರೆಪ್ಪಿ ಹಿಡಿ,' ಎಂದಳು. ಹನ್ನೆರಡು ದಿನಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಡ್ರಮ್ಮಿನ ಹತ್ತಿರ ಒದರಿದ್ದರೊಳಗಿಂದ ಬೈಗುಳವನ್ನೆಲ್ಲ ನುಂಗಿಕೊಂಡು, ಬೇಕಾದ ಮಾತನ್ನು ಮಾತ್ರ ಹೆಕ್ಕಿ ಇಟ್ಟುಕೊಂಡಿದ್ದಳು ನನ್ನವ್ವ.

ಐದು ನಿಮಿಷ ಕಳೆದಿರಬೇಕು. ಸೂಪರ್‌ವೈಸರ್ ಓಡಿ ಬಂದ. 'ಸಾಕ ಬಿಡ ಇನ್ನ. ಪೈಪ್ ಬಿಡ. ಮ್ಯಾಲಿನ ಸ್ಲ್ಯಾಬ್ ಒಣಗಾಕತ್ತೈತಿ,' ಎಂದ.

'ಬಿಡಂಗಿಲ್ರಿ.'

'ಅದು ಬಿಲ್ಡಿಂಗಿನ ನೀರು, ನಿಮ್ಮ ಮೈ ತೊಳ್ಯಾಕಲ್ಲ!'

ಅವ್ವ ತಲೆ ಎತ್ತಿದಳು. ಅಷ್ಟು ದಿನ ನೆಲ ನೋಡಿದವಳು ಅವನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದಳು. 'ಗ್ವಾಡಿಗೆ ಇಪ್ಪತ್ತೊಂದ ದಿನಾ ನೀರ ಕುಡಸ್ತೀರಿ. ಮನಷ್ಯಾಳ ಕಣ್ಣಿಗೆ ಅರ್ಧಾ ತಾಸ ಹಾಕಿದ್ರ ನಿಮ್ಮ ಟ್ಯಾಂಕರ್ ಬತ್ತಿ ಹೋಗತೈತೇನ್ರಿ? ಕೈ ತೊಳ್ಯಾಕ ಹನಿ ನೀರ ಕೊಡಲಾರದ ನಮ್ಮನ್ನ ಹೊಲಸ ಮಂದಿ ಅಂದ್ರಿ. ಇನ್ನ ಬಿಡಂಗಿಲ್ಲ. ಬೇಕಾದ್ರ ನಾಳಿಂದ ಕೆಲಸಾ ಬಿಡಸ್ರಿ, ಪೈಪ್ ಮಾತ್ರ ಬಿಡಂಗಿಲ್ಲ.'

ಮೇಲಿನಿಂದ ಇಣುಕುತ್ತಿದ್ದ ಗೌಂಡಿಯೊಬ್ಬ, 'ಸ್ಲ್ಯಾಬ್ ಒಣಗ್ಲಿ ಬಿಡ್ರಿ ಸಾಹೇಬ್ರ,' ಎಂದು ಕೂಗಿದ. ಅಲ್ಲಿದ್ದ ಹೆಂಗಸರೆಲ್ಲ ಬುಟ್ಟಿ ಇಳಿಸಿ ಅವ್ವನ ಸುತ್ತ ನಿಂತರು, ಯಾರೂ ಹಿಂದೆ ಸರಿಯಲಿಲ್ಲ. ಸೂಪರ್‌ವೈಸರ್ ಏನೋ ಗೊಣಗಿಕೊಂಡು ಹೋದ. ಅವ್ವ ಅರ್ಧ ತಾಸು ಪೂರ್ತಿ ನೀರು ಬಿಟ್ಟಳು. ಅವಳ ತೊಡೆ, ಸೀರೆ, ನೆಲ ಎಲ್ಲ ಸುಣ್ಣದ ನೀರಿನಲ್ಲಿ ಬೆಳ್ಳಗಾಯಿತು. ಆಮೇಲೆ ನಾನೇ ಪಕ್ಕದ ಮನೆಯಾಕೆಯನ್ನು ರಿಕ್ಷಾದಲ್ಲಿ ದವಾಖಾನೆಗೆ ಕರೆದೊಯ್ದೆ. ಭಾನುವಾರವಾದ್ದರಿಂದ ಬೇರೆ ಡಾಕ್ಟರಿದ್ದರು. ನೋಡಿ, ಇಷ್ಟು ತೊಳೆಯದೆ ಬಂದಿದ್ದರೆ ಈ ಕಣ್ಣು ಉಳಿಯುತ್ತಿರಲಿಲ್ಲ ಎಂದರು. ಯಾರು ತೊಳೆದರು ಎಂದು ಕೇಳಿದರು. ಈ ಸಲ ನಾನು ಉತ್ತರ ಕೊಟ್ಟೆ.

ನಾವು ತಿರುಗಿ ಬಂದಾಗ ಅವ್ವ ಶೆಡ್ಡಿನ ಮುಂದೆ ಕುಳಿತು ಸೀರೆ ಹರಿಯುತ್ತಿದ್ದಳು. ಸುಣ್ಣವೆಲ್ಲ ಹೋಗುವಂತೆ ಒಗೆದ ಅದೇ ನೂಲಿನ ಸೀರೆ, ಅದೇ ಸೆರಗು. ಹಲ್ಲಿನಿಂದ ಕಚ್ಚಿ ಎಳೆದು ಅಂಗೈಯಗಲದ ತುಂಡುಗಳನ್ನು ಮಾಡಿದ್ದಳು. ಪಕ್ಕದಲ್ಲಿ ಎಣ್ಣೆಯ ಹಳೆ ಡಬ್ಬಿಯಲ್ಲಿ ನೀರು ಕುದಿಯುತ್ತಿತ್ತು. ತಲೆಗೊಂದು ತುಂಡು, ಒಬ್ಬೊಬ್ಬರದಕ್ಕೆ ಒಂದೊಂದು ಬಣ್ಣದ ದಾರ. ಕಣ್ಣಿಗೆ ಕೈ ಹಚ್ಚಬೇಕಾದರೆ ಅವರವರ ತುಂಡು ತರಬೇಕು, ಕುದಿಸಿ ತರಬೇಕು. ನಾಲಿಗೆಗೆ ತಾಗಿಸುವುದು ಅಂದಿಗೆ ಮುಗಿಯಿತು. ಮರುದಿನದಿಂದ ಸಂಜೆ ಕೆಲಸ ಬಿಡುವ ಹೊತ್ತಿಗೆ ಅವ್ವ ಪೈಪು ಹಿಡಿದು ನಿಲ್ಲುವಳು, ಎಲ್ಲರೂ ಸೋಪು ಹಿಡಿದು ಸಾಲಿಗೆ ಬರುವರು. ಯಾರೂ ಅಪ್ಪಣೆ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಎರಡು ವಾರದೊಳಗೆ ಶೆಡ್ಡಿನಲ್ಲಿ ಒಂದೂ ಕೆಂಪು ಕಣ್ಣು ಉಳಿಯಲಿಲ್ಲ, ಮೇಲಿನ ಫ್ಲ್ಯಾಟುಗಳಲ್ಲಿ ಇನ್ನೂ ಇದ್ದವು.

ಆ ಕಟ್ಟಡ ಈಗಲೂ ಇದೆ. ಒಂದೂ ಬಿರುಕು ಬಿಟ್ಟಿಲ್ಲ, ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ನೋಡುತ್ತೇನೆ.

ನಾನು ಅವ್ವನ ಹತ್ತಿರ ತಪ್ಪಾಯಿತು ಎಂದು ಹೇಳಲೇ ಇಲ್ಲ. ಬಾಯಿಗೆ ಬರುತ್ತಿತ್ತು, ಅಲ್ಲಿಯೇ ನಿಲ್ಲುತ್ತಿತ್ತು. ಒಂದು ಸಂಜೆ ಗಾಳಿಗೆ ಉಸುಕು ಎದ್ದು ನನ್ನ ಎಡಗಣ್ಣಿಗೆ ಬಿತ್ತು. ಕೈ ತಾನಾಗಿ ಉಜ್ಜಲು ಹೋಯಿತು, ತಡೆದು ನಿಂತೆ. ಅವ್ವ ದೂರದಿಂದ ನೋಡಿದಳು. ಹಾಗೇ ಪೈಪಿನ ಹತ್ತಿರ ಹೋಗಿ, ಮೊಣಕೈಯವರೆಗೆ ಸೋಪು ಹಚ್ಚಿ, ಬೆರಳಿನ ಸಂದುಗಳನ್ನೂ ಬಿಡದೆ ತೊಳೆದಳು. ಒಣಗಲು ಹಾಕಿದ್ದ ಹಗ್ಗದಿಂದ ನನ್ನ ಹಸಿರು ದಾರದ ತುಂಡು ತೆಗೆದುಕೊಂಡಳು. ನನ್ನೆದುರು ಬಂದು ನೀರು ಸೋರುವ ಎರಡೂ ಅಂಗೈಗಳನ್ನು ನನ್ನ ಮುಖದ ಮುಂದೆ ಎತ್ತಿ ಹಿಡಿದಳು.

'ತೊಳದೀನಿ, ನೋಡ,' ಎಂದಳು. 'ಈಗರ ಮುಟ್ಲ್ಯೋ, ಬ್ಯಾಡೋ?'

ನಾನು ಕಲ್ಲಿನ ಮೇಲೆ ಕುಳಿತು, ಬಿಸಿಲಿಗೆ ಮುಖ ಮಾಡಿ, ಕಣ್ಣು ತೆರೆದೆ.